ಲಾಯದ ಹುಡುಗ ಯಾವ ಒಕ್ಕ

ಐದನೇ ಸಂಪುಟ ಬರಲಿಕ್ಕೆ ಇನ್ನೂ ವರ್ಷ ಬೇಕಂತೆ.
ಅಲ್ಲಿಯವರೆಗೆ ಸಿದ್ದಾಪುರದ ಕ್ಯೂರಿಂಗ್ ಕಣದಲ್ಲಿ
ಕರಿ ಬೀಜ ಹೆಕ್ಕುತ್ತ
ನಾನೂ ಶಮೀರನೂ ಒಂದು ರಾಜವಂಶ ಜಾಲಾಡುತ್ತೇವೆ.

ಲಾಯದ ಹುಡುಗ ದೊರೆಯ ಮಗನೇ, ಶಮೀರನ ಆಣೆ:
ಹಿಮದ ಸೇತುವೆಯಲ್ಲಿ ಎಲ್ಲರ ನೆರಳೂ ದಾಟಿತು,
ಇವನದೊಂದು ನಿಂತು ನೋಡಿತು.
ಬಡಿಸುವಾಗ ರಾಣಿಯ ಸೌಟು ನಡುಗಿದ್ದು ಸುಮ್ಮನೆಯೆ?

'ಅವಳಿಗೆ ವಾತ ಇದ್ದೀತು' ಎಂದರು ಮೇಸ್ತ್ರಿ ಬೊಳ್ಳಮ್ಮ.
ತುಸು ತಡೆದು, 'ಹುಡುಗ ಯಾವ ಒಕ್ಕ?'

ನಮ್ಮಲ್ಲಿ ಹೆಸರಿಗಿಂತ ಮುಂಚೆ ಬರುವ ಪ್ರಶ್ನೆ.
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಅಮ್ಮನ ಹೆಸರಷ್ಟೇ ಇದೆ, ಆಮೇಲೆ ಒಂದು ಗೆರೆ.

ನನ್ನದು ಬೇರೆ ಲೆಕ್ಕ.
ಮೊದಲ ಸಂಪುಟ, ಎಂಬತ್ತನೇ ಪುಟದ ಕೊನೆಗೆ
ಅವನನ್ನು ಸಾಕಿದ, ಬಟ್ಟೆ ಒಗೆಯುವ ಹೆಂಗಸು
ಕುದಿಯುವ ಹಂಡೆಯನ್ನು ಬರಿಗೈಯಲ್ಲಿ ಇಳಿಸುತ್ತಾಳೆ.
ಒಂದೇ ಸಾಲು.
ದುಡಿದ ಕೈ ಎಂದುಕೊಂಡು ಎಲ್ಲರೂ ಪುಟ ತಿರುವಿದರು,
ಮಂತ್ರವೆಂದು ಯಾರಿಗೂ ಅನಿಸಲಿಲ್ಲ.
ದೊರೆ ಯಾಕೆ ಬೇಕು ಈ ಕತೆಗೆ?

ಶಮೀರನ ಬೆರಳು ನಿಂತವು.
ಪೀಬೆರಿಯೊಂದು, ಜೋಡಿಯಿಲ್ಲದ್ದು, ಮೊರದಿಂದ ಉರುಳಿತು.
ಬಹಳ ಹೊತ್ತು ಯೋಚಿಸಿ ಕೇಳಿದ:
'ಸರಿ. ಹಾಗಾದರೆ ಅವಳ ಅಪ್ಪ ಯಾರು?'