ಎರಿಮಣ್ಣು ಕುಡಿಯೂದಿಲ್ಲ

ತಾಳಿಕೋಟಿಯ ಈ ಎರಿಮಣ್ಣು
ನೀರು ಹಿಡಿದರ ಬಿಡೂದಿಲ್ಲ.
ಬಿಳಿಜೋಳಕ್ಕ ಅದು ವರ.
ಹಿತ್ತಲದ ಇಂಗುಗುಂಡಿಗೆ
ಆಷಾಢದ ನಡುವ ಗಂಟಲು ಕಟ್ಟಿತು.

ಡೋಣಿ ಬೆಳೆದರ ಓಣಿಗೆಲ್ಲ ಕಾಳು ಅಂತಾರ;
ಓಣಿಗೆ ಹರಿದು ಹೋದದ್ದು
ನಮ್ಮ ಸಂಡಾಸಿನ ನೀರು.

ಗೌಂಡಿ ಲಾಡ್ಲೇಸಾಬ ಬಂದ.
ಫರಸಿ ಎತ್ತಿದ, ಮೂಗು ಮುಚ್ಚಲಿಲ್ಲ.
ಉದ್ದನ ಸರಳು ಇಳಿಬಿಟ್ಟು
ನಾಡಿ ಹಿಡಿದವರಂಗ ಸುಮ್ಮನ ನಿಂತ.
"ಅಕ್ಕಾರ, ತಳಕ್ಕ ಜಿಡ್ಡು ಕೂತೈತಿ.
ಕರಿದ ಎಣ್ಣಿ ಬಚ್ಚಲಕ್ಕ ಯಾರು ಸುರೀತಾರ?"
ನಾನು ಪಾಯಿಪು ನೋಡಿದೆ.

ಟ್ಯಾಂಕರ್ ಬಂದು ಟಾಕಿ ಹೀರಿ ಹೋತು.
ಮೂರು ಮಾರು ಆಚೆ ಹೊಸ ಗುಂಡಿ:
ಅಗೆದಷ್ಟೂ ಕಪ್ಪು, ಅಗೆದಷ್ಟೂ ಅಂಟು,
ಹನ್ನೊಂದನೇ ಫೂಟಿಗೆ ಗರಸು.
ಒಂದು ಕೊಡ ಸುರಿದ.
ನೋಡನೋಡತ ನೀರು ಇಲ್ಲದಂಗಾತು.
ಅಂಥ ನೀರಡಿಕಿ ನಾ ಎಲ್ಲೂ ಕಂಡಿಲ್ಲ.

ದಪ್ಪ ಕಲ್ಲು, ಸಣ್ಣ ಖಡಿ, ಮ್ಯಾಲ ಉಸುಕು,
ಉಸಿರಾಡಲಿಕ್ಕೆ ಒಂದು ಕೊಳವಿ.
"ಎರಡು ವರ್ಷಕ್ಕೊಮ್ಮಿ ಟಾಕಿ ತೆಗಸ್ರಿ,
ಇದರ ಮ್ಯಾಲ ಗಾಡಿ ನಿಲ್ಲಸಬ್ಯಾಡ್ರಿ."
ಕೈ ತೊಳಕೊಳ್ಳುವಾಗ
ಹಳೇ ಗುಂಡಿ ಮ್ಯಾಲಿನ ಪುದೀನಾ ಮಡಿ ಕಂಡು
ಮೀಸ್ಯಾಗ ನಕ್ಕ.

ಏನು ಹಸರು, ಏನು ಸೊಕ್ಕು!
ಎರಡು ವರ್ಷ ಓಣಿಯ ಪಲಾವಿಗೆಲ್ಲ
ಅಲ್ಲಿಂದಲೇ ಕಿತ್ತು ಕೊಟ್ಟಾಕಿ ನಾನು.

ಸಂಜಿಗೆ ಗ್ವಾಡಿ ಆಚೆ ಯಲಗೂರವ್ವ:
"ಸುವರ್ಣಾ, ನಾಕು ದಂಟು ಪುದೀನಾ ಕೊಡವ್ವಾ,
ನಿಮ್ಮದಕ್ಕ ಇರೂ ಘಮ ಪ್ಯಾಟಿದಕ್ಕ ಇಲ್ಲ."
ಈ ಸಲ ಹುಳ ಬಿದ್ದೈತಿ ಅಂದೆ.