ನಾನೂರ ಹನ್ನೆರಡನೇ ಸಾಲು

ಪಾಂಡೇಶ್ವರದ ಹಾಲಿನಲ್ಲಿ, ಫ್ಯಾನು ತಾಗದ ಮೂಲೆಯಲ್ಲಿ
ನಾನು, ಲ್ಯಾಪ್‌ಟಾಪು, ಒಂದು ಬೆರಳು.
ಮಾತಿಗೊಂದು ಒತ್ತು;
ಮೇಲೆ ತುಳು ಆಡಿದರೆ ಕೆಳಗೆ ಇಂಗ್ಲಿಷು ಬೀಳಬೇಕು,
ಸೆಕೆಂಡಿನ ಸಾಲ ಇಲ್ಲದೆ.

ತೀರ್ಪುಗಾರರು ಮೂವರು: ಲಿಸ್ಬನ್ನು, ತೆಹರಾನು, ಇನ್ನೊಬ್ಬರು
ಮಧ್ಯಾಹ್ನದ ಬಂಗುಡೆ ಪುಳಿಮುಂಚಿಗೆ
ಇನ್ನೂ ಮೂಗು ಒರೆಸುತ್ತಿದ್ದರು.

ತಣ್ಣೀರುಬಾವಿಯ ಜಲಜಕ್ಕ, ಆ್ಯಕ್ಟಿಂಗ್ ಅಂದರೇನೆಂದು
ಶೂಟಿಂಗ್ ಮುಗಿಯುವವರೆಗೂ ಕೇಳುತ್ತಿದ್ದವಳು,
ತೆರೆಯ ಮೇಲೆ ಕಡಲಿಗೆ ಮುಖ ಮಾಡಿ ನಿಂತಳು.
ದೋಣಿ ಬಂದಿದೆ, ಮಗ ಬಂದಿಲ್ಲ.
ಮೊಣಕಾಲ ನೀರು, ಒದ್ದೆ ಸೆರಗು,
ಪಕ್ಕದ ಮನೆಗೆ ಕೂಗುವ ದನಿ:
"ಒಣಸ್ ಆಂಡಾ ಮಗಾ?"

ಊಟ ಆಯಿತಾ. ಅಷ್ಟೇ.
ಸಾಲು ತಯಾರಿತ್ತು, ಬೆರಳೂ ಇತ್ತು.
ಒತ್ತಲಿಲ್ಲ.
ಕನ್ನಡಕ ಮಂಜಾಗಿತ್ತೆಂದು ಆಮೇಲೆ ಹೇಳಿದೆ.

ಸಂಜೆ ವೇದಿಕೆಯಲ್ಲಿ ತೆಹರಾನಿನ ಹೆಂಗಸು ಓದಿದರು:
"ತಾಯಿಯ ಒಂದು ಕೂಗನ್ನು ಯಾವ ಭಾಷೆಗೂ ಒಪ್ಪಿಸದೆ
ಕಡಲಿಗೇ ಬಿಟ್ಟ ಧೈರ್ಯಕ್ಕೆ..."
ಚಪ್ಪಾಳೆ. ನಿರ್ದೇಶಕ ಹರಿಣಾಕ್ಷ ಎದ್ದ,
ಮೆಟ್ಟಿಲಲ್ಲಿ ನಿಂತು ನನ್ನ ಮೂಲೆಗೆ ತಿರುಗಿದ.
ಬೈಗುಳವೋ ಮುತ್ತೋ, ಆ ನೋಟಕ್ಕೂ
ಅಡಿಬರಹ ಇರಲಿಲ್ಲ.

ಕಂಚಿನ ಗೊಂಬೆ ಜಲಜಕ್ಕನ ಕೈಗೆ ಬಂತು.
ಅಂಜಲ್ ತೂಗುವ ಹಾಗೆ ತೂಗಿ ನೋಡಿದಳು.
ಬಾಗಿಲಲ್ಲಿ ನನ್ನ ಕಂಡು
ಅದನ್ನೇ ಕೇಳಿದಳು.

"ಆಂಡ್" ಅಂದೆ.
ಆಗಿರಲಿಲ್ಲ.