ಬಾಗಿಲಿನ ಪಾತ್ರ

ರಾಜನಿಗೆ ಎತ್ತರ ಬೇಕು, ರಾಣಿಗೆ ಕನ್ನಡ ಬೇಕು,
ಸೇವಕನಿಗೂ ಎರಡು ಮಾತಿದೆ,
ಅದನ್ನು ಜಯಶೀಲನ ತಮ್ಮ ಅತ್ತು ಪಡೆದುಕೊಂಡ.
ಉಳಿದದ್ದು ಬಾಗಿಲು.
"ಸುಗಂಧಿ, ಬಾಗಿಲಾಗ್ತೀಯಾ?" ಅಂದರು ಐರಿನ್ ಟೀಚರ್.
ಆಗ್ತೇನೆ ಅಂದೆ.
ಬಾಗಿಲಿಗೆ ಮಾತಿಲ್ಲ, ಅದೇ ಸಮಾಧಾನ.

ಆಟಿ ತಿಂಗಳು. ಮಲ್ಪೆಯ ದಕ್ಕೆಯಲ್ಲಿ ಬೋಟುಗಳು
ಒಂದರ ಹೆಗಲಿಗೊಂದು ಒರಗಿ ನಿದ್ದೆ.
ಮೀನಿಲ್ಲದ ಮೇಲೆ ಮಂಜುಗಡ್ಡೆ ಯಾರಿಗೆ?
ಬಂದ್ ಆದ ಐಸ್ ಪ್ಲಾಂಟೇ ನಮ್ಮ ರಂಗಮಂದಿರ.
ಗೋಡೆಗೆ ಅಮೋನಿಯದ ಹಳೇ ವಾಸನೆ, ನೆಲಕ್ಕೆ ಉಪ್ಪು,
ತಗಡಿನ ಮೇಲೆ ಮಳೆ ಜೋರಾದರೆ
ರಾಜ ಬಾಯಿ ತೆರೆದದ್ದಷ್ಟೇ ಕಾಣುತ್ತದೆ.

ಮೊದಲ ದಿನ ಕೈ ಚಾಚಿ ನಿಂತೆ. ರಟ್ಟೆ ನೋಯಿತು.
ಮೂರನೆಯ ದಿನ ಟೀಚರ್ ಕೇಳಿದರು:
"ಬಾಗಿಲೇ, ನೀನು ಯಾವ ಮರ?"
ಎಲ್ಲರೂ ನಕ್ಕರು. ನಾನು ನೆಲ ನೋಡಿದೆ.
ರಾತ್ರಿಯಿಡೀ ಹಲಸೋ ಮಾವೋ ಅಂತ ಹೊರಳಾಡಿ
ಬೆಳಿಗ್ಗೆ ಹೋಗಿ ಹೇಳಿದೆ:
"ಒಡೆದ ದೋಣಿಯ ಹಲಗೆ. ನೀರು ಕುಡಿದು ಉಬ್ಬಿದ್ದೇನೆ,
ಅದಕ್ಕೇ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ."
ಟೀಚರ್ ನಗಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡರು.
ನಾನು ಹೇಳಿದ್ದನ್ನು ಯಾರಾದರೂ ಬರೆದುಕೊಂಡದ್ದು
ಹದಿನಾರು ವರ್ಷದಲ್ಲಿ ಅದೊಂದು ಸಲ,
ರೇಷನ್ ಅಂಗಡಿಯವನು ಬರೆಯುವ ಹೆಸರು ಬಿಟ್ಟರೆ.

ಆಮೇಲೆ ಕಿರುಗುಟ್ಟಲು ಕಲಿತೆ, ನಾಲ್ಕು ಥರ.
ಮದುವೆಯ ಕಾಗದ ತಂದವರಿಗೆ ಒಂದು,
ತಡವಾಗಿ ಬಂದು ಚಪ್ಪಲಿ ಕೈಯಲ್ಲಿ ಹಿಡಿದ ಅಣ್ಣನಿಗೆ ಒಂದು,
ಗಾಳಿಗೊಂದು,
ಯಾರೂ ಇಲ್ಲದಾಗ ಬಾಗಿಲು ತನಗೆ ತಾನೇ ಹೇಳಿಕೊಳ್ಳುವುದೊಂದು.
ಆ ನಾಲ್ಕನೆಯದನ್ನು ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ.
ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ.

ಅಮ್ಮ ಮೀನಿನ ಏಲಂ ಕೂಗುವವಳು. ಮೈಕು ಬೇಡದ ಗಂಟಲು.
ಬಸ್‌ಸ್ಟ್ಯಾಂಡಿನಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದರೆ
ಬೇರೆ ಯಾರನ್ನೋ ಕರೆದ ಹಾಗೆ ನಡೆದುಬಿಟ್ಟದ್ದಿದೆ.
ಆ ಗಂಟಲು ನನ್ನಲ್ಲೂ ಇದೆಯೆಂದು ಗೊತ್ತಿತ್ತು;
ಚಾಪೆಯ ಹಾಗೆ ಸುತ್ತಿ ಅಟ್ಟಕ್ಕೆ ಹಾಕಿದ್ದೆ.

ನಾಟಕದ ದಿನ
ಮೀನಿನ ಕ್ರೇಟು ಬೋರಲು ಹಾಕಿ ಕೂತ ನೂರಿಪ್ಪತ್ತು ಜನ.
ವೇಷ ಮರೆಸಿಕೊಂಡ ರಾಜ ಬಂದು ನನ್ನನ್ನು ತಟ್ಟಿದ.
ಟಕ್ ಟಕ್ ಟಕ್. ಆಮೇಲೆ ಏನೂ ಇಲ್ಲ.
ಉರು ಹೊಡೆದ ಕನ್ನಡವೆಲ್ಲ ಬೂತಾಯಿ ಜಾರಿದ ಹಾಗೆ ಜಾರಿ
ಹಣೆಯ ಬಣ್ಣ ಕರಗಿ ಹುಬ್ಬಿಗಿಳಿಯಿತು.
ಮತ್ತೆ ತಟ್ಟಿದ. ಈ ಸಲ ಹೆಗಲಿಗೇ ಬಿತ್ತು.
ಪರದೆಯ ಹಿಂದೆ ಟೀಚರ್ ಪುಟ ಮಗುಚುವ ಸದ್ದು.

"ಏರ್?"
ಎಂದಿತು ಬಾಗಿಲು.

ಪುಸ್ತಕದಲ್ಲಿ ಇಲ್ಲದ್ದು. ಕನ್ನಡವೂ ಅಲ್ಲ.
ಹಿಂದೆ ಕೂತ ಹೆಂಗಸರು ಕಿಸಕ್ಕೆಂದರು.
"ನಾನು... ಈ ಊರಿನ ರಾಜ."
"ಎಲ್ಲರೂ ಹಾಗೇ ಹೇಳೋದು. ಕಾಲು ತೊಳೆದಿದ್ದೀರಾ?"
ತಗಡು ಹಾರುವಷ್ಟು ನಗು. ಆ ನಗುವಿನ ಸಂದಿಯಲ್ಲಿ
ಅವನಿಗೆ ಅವನ ಸಾಲು ಸಿಕ್ಕಿತು.

"ಉಲಾಯಿ ಬಲೆ," ಅಂದು ಕೈ ತೆರೆದೆ.
ಶಾಲೆಯಲ್ಲಿ ಬಲೆ ಅಂದರೆ ಹಿಡಿಯುವುದು.
ನಮ್ಮ ಮನೆಯ ತುಳುವಿನಲ್ಲಿ ಅದು, ಬನ್ನಿ, ಎನ್ನುವುದೂ ಹೌದು.
ಎರಡೂ ಇದ್ದದ್ದು ಒಂದೇ ಗಂಟಲಿನಲ್ಲಿ.

ಅಮ್ಮ ನಾಟಕದ ಬಗ್ಗೆ ಏನೂ ಹೇಳಲಿಲ್ಲ.
ಮುಖದ ಬಣ್ಣ ತೆಗೆಯಲು ತೆಂಗಿನೆಣ್ಣೆ ಕೊಟ್ಟಳು.
ಆಗಸ್ಟಿನಲ್ಲಿ ಬೋಟುಗಳು ಹೋದವು, ಬಂದವು,
ರಾಜ ನಿಂತಿದ್ದ ಜಾಗದಲ್ಲಿ ಮಂಜುಗಡ್ಡೆ ಉರುಳಿತು.
ಒಂದು ಮುಂಜಾನೆ ಬಂಗುಡೆ ಬುಟ್ಟಿಯೊಂದನ್ನು
ಕಾಲಿನಿಂದ ನನ್ನ ಕಡೆ ನೂಕಿ
"ಇದು ನೀನು ಕೂಗು," ಅಂದಳು.

ಕೂಗಿದೆ.
ದಕ್ಕೆಯ ಆ ತುದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು.
ದರ ತಪ್ಪಿತ್ತು.
ಅಮ್ಮ ದರ ತಿದ್ದಿದಳು,
ದನಿಯನ್ನಲ್ಲ.